ಬೆಂಗಳೂರು–ಮೈಸೂರು ಹಳೇ ರೋಡು: ಬೈಕಿನವನ ರಿವ್ಯೂ

ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಹಾಗಾಗಿ ಹೋದ ಭಾನುವಾರ ಕೆಂಗೇರಿಯಿಂದ ಮೈಸೂರಿಗೆ ಹಳೇ ರೋಡು ಹಿಡಿದೆ. ಹಳೇ ರೋಡು ಪೂರ್ತಿ ಇದೆ ಅಂದುಕೊಳ್ಳಬೇಡಿ. ಊರು ಊರುಗಳ ಮಧ್ಯೆ ಹೊಸ ಹೈವೇ ಅದರ ಮೇಲೇ ಕೂತುಬಿಟ್ಟಿದೆ, ನಮಗೆ ಉಳಿದದ್ದು ಪಕ್ಕದ ಸರ್ವಿಸ್ ರೋಡು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣದಂಥ ಬೈಪಾಸ್ ಆದ ಊರುಗಳಲ್ಲಿ ಮಾತ್ರ ಹಳೆಯದು ಹಾಗೇ ಇದೆ.

ಸರ್ವಿಸ್ ರೋಡಿಗೆ ಐದಕ್ಕೆ ಎರಡು. ಬಣ್ಣ ಬಳಿಯದ ಹಂಪುಗಳು, ರಾಂಗ್ ಸೈಡಲ್ಲಿ ನೆಮ್ಮದಿಯಾಗಿ ಬರುವ ಟ್ರ್ಯಾಕ್ಟರು, ಬೋರ್ಡಂತೂ ಇಲ್ಲವೇ ಇಲ್ಲ. ಒಂದು ಕಡೆ ರೋಡೇ ಮುಗಿದುಹೋಯಿತು. ಎಮ್ಮೆ ಮೇಯಿಸುತ್ತಿದ್ದ ಅಜ್ಜ ನಕ್ಕು, "ವಾಪಸ್ ಹೋಗು ಮಗ, ಕೆಳ್ಗಡೆ ದಾಟ್ಕೊಂಡು ಆ ಕಡೆ ರೋಡಿಡಿ" ಅಂದರು. ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾರೋ!

ಊರೊಳಗೆ ಬಂದರೆ ಕಥೆಯೇ ಬೇರೆ. ಬಿಡದಿಯಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಕೂರಲು ಜಾಗಕ್ಕೆ ಕಾಯಲಿಲ್ಲ. ಮಂಡ್ಯದಲ್ಲಿ ಮೊದಲು ಸಿಗ್ನಲ್‌ಗಳಲ್ಲೇ ಅರ್ಧ ಜೀವ ಹೋಗುತ್ತಿತ್ತು, ಈಗ ಗೇರ್ ಬದಲಾಯಿಸುವ ಕೆಲಸವೂ ಕಮ್ಮಿ. ಊರಿನವರು ರೋಡು ದಾಟುವಾಗ ಓಡುತ್ತಿಲ್ಲ, ಅದಂತೂ ನಿಜವಾಗಿಯೂ ಒಳ್ಳೆಯದು.

ಆದರೆ ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಗೆ ಹೋದಾಗ ನಾನೊಬ್ಬನೇ ಗಿರಾಕಿ. ಹಿಂದಿನ ಕೋಣೆಯಲ್ಲಿ ಒಬ್ಬರು ಲೇತ್ ಮೇಲೆ ಆಲೆ ಮರದ ತುಂಡು ತಿರುಗಿಸುತ್ತಿದ್ದರು. ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹಳದಿ ಹತ್ತುತ್ತದೆ, ಆಮೇಲೆ ಒಣ ತಾಳೆಗರಿ ಒತ್ತಿದರೆ ಕನ್ನಡಿಯ ಹಾಗೆ ಹೊಳಪು. ಎರಡು ನಿಮಿಷದಲ್ಲಿ ಬುಗುರಿ ರೆಡಿ. ಅಂಗಡಿಯ ಅಕ್ಕ ಹೇಳಿದ್ದು: "ಮೊದ್ಲು ಭಾನುವಾರ ಕಾರು ನಿಲ್ಸೋಕೆ ಜಾಗ ಇರ್ತಿರ್ಲಿಲ್ಲ ಸಾರ್. ಈಗ ಮೇಲ್ಗಡೆ ಹೋಯ್ತಾ ಇರ್ತಾರೆ, ನಾವಿಲ್ಲಿದ್ದೀವಿ ಅಂತ ಹೆಂಗೆ ಗೊತ್ತಾಗಬೇಕು?" ಬೇಡ ಅಂದರೂ ಇನ್ನೊಂದು ಗಿಲಕಿ ಕಟ್ಟಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ನನಗೇ ಒಂಥರಾ ಆಯಿತು.

ಮದ್ದೂರು ವಡೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿ ಇತ್ತು, ಮುರಿದರೆ ಕರುಂ ಅನ್ನುತ್ತಿತ್ತು, ಈರುಳ್ಳಿ ಕೈ ಬಿಚ್ಚಿ ಹಾಕಿದ್ದರು. ಹೈವೇ ಫುಡ್‌ಕೋರ್ಟಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬೆವರುವ ವಡೆ ತಿಂದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಕಾರಿನವರು ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಸುವ ದಾರಿಗೆ ನನಗೆ ನಾಲ್ಕೂವರೆ ಗಂಟೆ ಬೇಕಾಯಿತು, ಅದರಲ್ಲಿ ಅರ್ಧ ತಿಂದಿದ್ದೇ ಅನ್ನಿ. ಊರೊಳಗಿನ ರೋಡಿಗೆ ಐದಕ್ಕೆ ನಾಲ್ಕೂವರೆ. ಅರ್ಜೆಂಟ್ ಇದ್ದರೆ ಸುಮ್ನೆ ರೈಲು ಹತ್ತಿ. ಕಾರಿದ್ದು ಅರ್ಜೆಂಟ್ ಇಲ್ಲದಿದ್ದರೆ ಬಿಡದಿ ದಾಟಿದ ಮೇಲೆ ಬೈಪಾಸ್ ಹತ್ತಬೇಡಿ, ರಾಮನಗರದ ಕಡೆ ಇಳಿದುಬಿಡಿ. ಮುಂದೆ ಚನ್ನಪಟ್ಟಣದಲ್ಲಿ ಆ ಅಕ್ಕನ ಅಂಗಡಿ ಎಡಗಡೆಗೇ ಸಿಗುತ್ತದೆ.