ಪುಟ್ಟ ಬಾಗಿಲು ಮಾಡೋಕೆ ಸ್ಕಲ್ಪಿ ಪ್ರೀಮೊ ಕ್ಲೇ

ನಾವಿರುವ ಅಮೆರಿಕದ ಆನ್ ಆರ್ಬರ್ ಊರಲ್ಲಿ ಕೆಲವು ಅಂಗಡಿಗಳ ಗೋಡೆಯ ಬುಡದಲ್ಲಿ ಅಂಗೈಯಗಲದ ಬಾಗಿಲುಗಳಿವೆ. ಕಿನ್ನರಿಯರು ಓಡಾಡುವ ಬಾಗಿಲಂತೆ. ಇಲ್ಲಿ ಫೇರಿ ಡೋರ್ ಅಂತಾರೆ. ಊರಲ್ಲಿ ಮೊದಲನೆಯದು 2005ರಲ್ಲಿ ಸ್ವೀಟ್‌ವಾಟರ್ಸ್ ಕಾಫಿ ಅಂಗಡಿಯಲ್ಲಿ ಕಾಣಿಸಿಕೊಂಡಿತು. ಜೊನಾಥನ್ ರೈಟ್ ಎಂಬ ಕಲಾವಿದರ ಕೈಕೆಲಸ ಅದು. ನನ್ನ ಮಗಳು ಅಂಥ ಬಾಗಿಲ ಮುಂದೆ ಮಂಡಿಯೂರಿ ಕೂತರೆ ಏಳೋದೇ ಇಲ್ಲ. ಅವಳ ಕೋಣೆಗೆ ಒಂದು ಮಾಡಿಕೊಟ್ಟೆ. ಈಗ ಸ್ನೇಹಿತರ ಮಕ್ಕಳಿಗೂ ಮಾಡುತ್ತಿದ್ದೇನೆ.

ಇದಕ್ಕೆ ಬೇಕಾದದ್ದು ಪಾಲಿಮರ್ ಕ್ಲೇ. ಹೆಸರಿಗೆ ಕ್ಲೇ, ಆದರೆ ಮಣ್ಣಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್‌ನ ಪುಡಿಗೆ ಅದನ್ನು ಮೆತ್ತಗಾಗಿಸುವ ಮೆದುಕಾರಕ ಸೇರಿಸಿದ್ದು. ಗಾಳಿಗೆ ಒಣಗಿ ಗಟ್ಟಿಯಾಗುವುದಿಲ್ಲ, ಓವನ್‌ನಲ್ಲೇ ಗಟ್ಟಿಯಾಗಬೇಕು. ಹಾಗಾಗಿ ಕೆಲಸ ಅರ್ಧಕ್ಕೆ ಬಿಟ್ಟು ಅಡುಗೆ ಮುಗಿಸಿ ಬರಬಹುದು. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದು ದೊಡ್ಡ ಅನುಕೂಲ, ಅಲ್ವಾ?

ಬಾಗಿಲಿಗೆ ನನ್ನ ಆಯ್ಕೆ ಪ್ರೀಮೊ. ಇಲಿನಾಯ್‌ನ ಪಾಲಿಫಾರ್ಮ್ ಕಂಪನಿಯದು, ಚಿಕ್ಕ ಪ್ಯಾಕ್ 57 ಗ್ರಾಂ. ಅದೇ ಕಂಪನಿಯ ಸ್ಕಲ್ಪಿ 3 ಇನ್ನೂ ಮೆತ್ತಗಿರುತ್ತದೆ, ಪುಟ್ಟ ಕೈಗಳಿಗೆ ಸುಲಭ. ಆದರೆ ಬೆಂದ ಮೇಲೆ ತೆಳು ಭಾಗಗಳು ಬೇಗ ಮುರಿಯುತ್ತವೆ. ಬಾಗಿಲಲ್ಲಿ ತೆಳು ಭಾಗಗಳೇ ಜಾಸ್ತಿ: ಹಲಗೆ, ಚೌಕಟ್ಟು, ಕೀಲು. ಪ್ರೀಮೊ ಬೆಂದ ಮೇಲೂ ಸ್ವಲ್ಪ ಬಾಗುತ್ತದೆ, ಹಾಗಾಗಿ ಕೈಜಾರಿ ಬಿದ್ದರೂ ಉಳಿಯುತ್ತದೆ. ಜರ್ಮನಿಯ ಫಿಮೊ ಪ್ರೊಫೆಷನಲ್ ಕೂಡ ತುಂಬಾ ಒಳ್ಳೆಯದು, ಸಣ್ಣ ಗೆರೆಗಳು ಚೂಪಾಗಿ ನಿಲ್ಲುತ್ತವೆ. ನಾದೋಕೆ ಮಾತ್ರ ತೋಳಿಗೆ ಕೆಲಸ.

ಮರದ ನೋಟ ಬರುವುದು ನನಗೆ ಎಲ್ಲಕ್ಕಿಂತ ಇಷ್ಟ. ಕಂದು ಕ್ಲೇಯನ್ನು ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಚಾಕುವಿನ ಬೆನ್ನಿಂದ ಹಲಗೆಗಳ ಸಂದು ಎಳೆಯುತ್ತೇನೆ. ಪೂರ್ತಿ ಕತ್ತರಿಸುವುದಿಲ್ಲ, ಒಂದೇ ತುಂಡಾಗಿದ್ದರೆ ಬಾಗಿಲು ಗಟ್ಟಿ. ಆಮೇಲೆ ಸೂಜಿಯಿಂದ ಉದ್ದಕ್ಕೆ ಗೆರೆ, ಅಲ್ಲಲ್ಲಿ ಗಂಟು. ಬೆಂದು ಆರಿದ ಮೇಲೆ ಗಾಢ ಕಂದು ಅಕ್ರಿಲಿಕ್ ಬಣ್ಣ ಹಚ್ಚಿ ಬಟ್ಟೆಯಿಂದ ಒರೆಸಬೇಕು. ಬಣ್ಣ ಗೆರೆಗಳಲ್ಲಿ ಮಾತ್ರ ಉಳಿಯುತ್ತದೆ, ಬಾಗಿಲಿಗೆ ನೂರು ವರ್ಷ ವಯಸ್ಸಾದಂತೆ ಕಾಣುತ್ತದೆ! ಸುತ್ತಲಿನ ಕಲ್ಲುಗಳಿಗೆ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ ಒತ್ತಿದರೆ ಸಾಕು. ಪ್ರೀಮೊದ ಬಂಗಾರದ ಬಣ್ಣದಲ್ಲಿ ಅಭ್ರಕದ ಹೊಳಪಿದೆ, ಕೀಲುಗಳಿಗೂ ಹಿಡಿಗೂ ಹೇಳಿ ಮಾಡಿಸಿದ್ದು.

ಕೊರತೆಯೂ ಇದೆ. ಬೇಸಿಗೆಯಲ್ಲಿ, ಬಿಸಿ ಕೈಯಲ್ಲಿ ಪ್ರೀಮೊ ಅಂಟಂಟಾಗುತ್ತದೆ. ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ. ಬಿಳಿ ಬಣ್ಣ ಬಟ್ಟೆಯ ನೂಲು, ಧೂಳು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಬಿಳಿ ಕೆಲಸ ಮೊದಲು ಮುಗಿಸಿಬಿಡಿ. ನೇಲ್ ಪಾಲಿಶ್ ಹಚ್ಚಬೇಡಿ, ಕಾಲಕ್ರಮೇಣ ಮೈ ಅಂಟಂಟಾಗುತ್ತದೆ. ನೀರಿನ ವಾರ್ನಿಶ್ ಸಾಕು.

ಪ್ರತಿ 6 ಮಿಲಿಮೀಟರ್ ದಪ್ಪಕ್ಕೆ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬೇಯಿಸಬೇಕು. ನಾನು ಗೋಡೆಗೆ ಹಾಕುವ ಟೈಲ್ ಮೇಲೆ ಕಾಗದ ಹಾಸಿ ಇಡುತ್ತೇನೆ, ಅಡಿ ಸಮತಟ್ಟಾಗಿ ಬರುತ್ತದೆ. ಬಿಸಿಯಿದ್ದಾಗ ಇನ್ನೂ ಮೆತ್ತಗಿರುತ್ತದೆ, ಆಗ ಮುಟ್ಟಬೇಡಿ. ಬೆಂಗಳೂರಿನಿಂದ ಅತ್ತಿಗೆ ಕೇಳಿದ್ದರು, "ನಮ್ಮನೇಲಿ ಮೈಕ್ರೋವೇವ್ ಇದೆ, ಅದ್ರಲ್ಲಿ ಆಗತ್ತಾ?" "ಬೇಡ ಅತ್ತಿಗೆ, ಓಟಿಜಿ ಓವನ್ನೇ ಬೇಕು" ಅಂದೆ. ಶಾಖ ಮಿತಿ ಮೀರಿ ಕ್ಲೇ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತಗೊಳ್ಳಬಾರದು. ಕಿಟಕಿ ತೆರೆದಿರಲಿ, ಪಕ್ಕದಲ್ಲೇ ಇರಿ.

ಮೊದಲ ಸಲಕ್ಕೆ ಕಂದು, ಬೂದು, ಬಂಗಾರ ಮೂರು ಪ್ಯಾಕ್ ಸಾಕು. ಜೊತೆಗೆ ಓವನ್ ಒಳಗಿಡುವ ಥರ್ಮಾಮೀಟರ್ ಒಂದು ಖಂಡಿತ ತಗೊಳ್ಳಿ. ಚಿಕ್ಕ ಓವನ್‌ನ ಗುಂಡಿ ತೋರಿಸುವ ಬಿಸಿಗೂ ಒಳಗಿನ ಬಿಸಿಗೂ ಹೊಂದುವುದು ಅಪರೂಪ.