ಜಾರ್ ಕೇಳಿದರೆ ಪ್ಲಾಸ್ಟಿಕ್ ಡಬ್ಬಿ ತಂದಿಟ್ಟರು

ಮೇ ತಿಂಗಳ ಮೊದಲ ವಾರ ಮಡಿಕೇರಿಯ ಶುಕ್ರವಾರದ ಸಂತೆಗೆ ಹೋಗಿದ್ದೆ. ಬರುವಾಗ ಪಾತ್ರೆ ಅಂಗಡಿಯೊಂದರಲ್ಲಿ 5 ಲೀಟರಿನ ಪಿಂಗಾಣಿ ಜಾಡಿ ತಗೊಂಡೆ. 750 ರೂಪಾಯಿ. ಎರಡು ತಿಂಗಳು ಬಳಸಿ ನೋಡಿ ಈಗ ಬರೆಯುತ್ತಿದ್ದೇನೆ.

"ಒಂದು ದೊಡ್ಡ ಜಾರ್ ಕೊಡಪ್ಪಾ" ಅಂದೆ. ಹುಡುಗ ಪ್ಲಾಸ್ಟಿಕ್ ಡಬ್ಬಿ ತಂದಿಟ್ಟ. "ಟೀಚರೇ, ಈಗ ಜಾರ್ ಅಂದ್ರೆ ಇದೇ. ಬಿದ್ರೂ ಒಡೆಯಲ್ಲ." ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಹೇಳದೆ ಇರಲು ಆಗಲಿಲ್ಲ. ಜಾರ್ ಅನ್ನೋ ಪದದ ಮೂಲವೇ ಮಣ್ಣಿನ ಪಾತ್ರೆ. ಅರಬ್ಬಿಯಲ್ಲಿ 'ಜರ್ರ' ಅಂದರೆ ನೀರು ತುಂಬಿಡುವ ಮಣ್ಣಿನ ಕೊಡ. ಅದು ಸ್ಪೇನ್, ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಬಂತು. ಸ್ಪೇನಿನವರು ಇವತ್ತಿಗೂ ಹೂಜಿಗೆ 'ಹಾರ್ರ' ಅನ್ನುತ್ತಾರೆ, ಬರೆಯುವುದು ಮಾತ್ರ ಜೆ ಅಕ್ಷರದಿಂದ. ಗಾಜು, ಪ್ಲಾಸ್ಟಿಕ್, ನಮ್ಮ ಮಿಕ್ಸಿ ಜಾರಿನ ಸ್ಟೀಲು ಎಲ್ಲಾ ಆಮೇಲೆ ಸೇರಿಕೊಂಡವು. ಅಂಗಡಿ ಯಜಮಾನರು ಪೂರ್ತಿ ಕೇಳಿಸಿಕೊಂಡು, ಒಳಗಿಂದ ಮೂರು ಪಿಂಗಾಣಿ ಜಾಡಿ ತರಿಸಿದರು. ಆ ತಾಳ್ಮೆಗೇ ಅವರ ಅಂಗಡಿಗೆ ಮತ್ತೆ ಹೋಗುತ್ತೇನೆ.

ಬೆರಳ ಗಂಟಿನಿಂದ ಒಂದೊಂದನ್ನೂ ತಟ್ಟಿದೆ. ಎರಡು 'ಟಣ್' ಅಂದವು, ಒಂದು 'ಟಪ್' ಅಂತು. ಟಪ್ ಅಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ, ತಗೋಬೇಡಿ. ಆಮೇಲೆ ಒಳಗೆ ಕೈ ಹಾಕಿ ತಳ ಸವರಿದೆ. ಒಂದರಲ್ಲಿ ನಾಣ್ಯದಷ್ಟು ಜಾಗ ಒರಟಾಗಿತ್ತು. ಅಲ್ಲಿ ಮೆರುಗು ಹಿಡಿದಿಲ್ಲ, ಉಪ್ಪುನೀರು ಇಳಿಯುತ್ತೆ. ಉಳಿದದ್ದೇ ನನ್ನದು: ಮೇಲೆ ಕಂದು, ಕೆಳಗೆ ಕೆನೆ ಬಣ್ಣ. ಮನೆಯಲ್ಲಿ ನೀರು ತುಂಬಿ ರಾತ್ರಿಯಿಡೀ ಹಳೇ ಪೇಪರ್ ಮೇಲೆ ಇಟ್ಟೆ. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು.

ಇದಕ್ಕೆ ಹಾಕಿದ್ದು ಕಾಡು ಮಾವಿನಹಣ್ಣು. ಕಾಯಿಸಿ ಆರಿಸಿದ ಉಪ್ಪುನೀರು, ಹಣ್ಣು ತೇಲದಂತೆ ಮೇಲೆ ಪುಟ್ಟ ತಟ್ಟೆ, ಅದರ ಮೇಲೆ ತೊಳೆದ ಕಲ್ಲು. ಹೋದ ವರ್ಷ ಪ್ಲಾಸ್ಟಿಕ್ಕಿನಲ್ಲಿ ಹಾಕಿದ್ದಕ್ಕೆ ಜುಲೈ ಮಳೆ ಹೊತ್ತಿಗೆ ಡಬ್ಬಿಯ ವಾಸನೆ ಹಿಡಿದು ಅಷ್ಟನ್ನೂ ಚೆಲ್ಲಬೇಕಾಯಿತು. ತುಂಬಾ ಹೊಟ್ಟೆ ಉರಿಯಿತು. ಕಾಡು ಮಾವು ದುಡ್ಡು ಕೊಟ್ಟರೂ ಎಲ್ಲಾ ವರ್ಷ ಸಿಗಲ್ಲ ಅಲ್ವಾ.

ಕೊರತೆ ಒಂದೇ, ಮುಚ್ಚಳ. ಅದು ಸರಿಯಾಗಿ ಕೂರಲ್ಲ, ಒಂದು ಬದಿ ಎದ್ದೇ ಇರುತ್ತೆ. ಮೊಮ್ಮಗಳು ನೋಡಿ, "ಅಜ್ಜಿ, ಜಾರ್ ಅಜಾರ್ ಆಗಿದೆ" ಅಂದಳು. ಇಂಗ್ಲಿಷಿನಲ್ಲಿ ಅಜಾರ್ ಅಂದರೆ ಅರೆ ತೆರೆದದ್ದು. ಖುಷಿಯಾಯಿತು. ಆದರೆ ಅಜಾರ್ ಒಳಗೆ ಜಾರ್ ಇಲ್ಲ, ಮಗೂ. ಹಳೇ ಇಂಗ್ಲಿಷಿನಲ್ಲಿ 'ಚಾರ್' ಅಂದರೆ ತಿರುವು. ಬಾಗಿಲು ಸ್ವಲ್ಪ ತಿರುಗಿ ನಿಂತಿದೆ ಅಂತ ಅದರ ಅರ್ಥ. ಕಿವಿಗೆ ಕರ್ಕಶವಾಗಿ ಬಡಿಯೋ ಸದ್ದಿಗೂ ಜಾರ್ ಅನ್ನುತ್ತಾರೆ, ಅದಕ್ಕೂ ಪಾತ್ರೆಗೂ ಸಂಬಂಧವಿಲ್ಲ. ಸದ್ದನ್ನೇ ಕೇಳಿ ಕಟ್ಟಿದ ಪದ ಅದು.

ಮುಚ್ಚಳದ ವಿಷಯ ಹೇಳಿದ್ದಕ್ಕೆ ಅಂಗಡಿಯವರು ಬೇರೆ ಹುಡುಕಿ ಇಡುತ್ತೇನೆ ಅಂದಿದ್ದಾರೆ. ಅಲ್ಲಿವರೆಗೆ ಎರಡು ಪದರ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಮುಚ್ಚಳ ಇಟ್ಟಿದ್ದೇನೆ. ನಿನ್ನೆ ಮೊದಲ ಸಲ ಬಿಚ್ಚಿ ಆರು ಹಣ್ಣು ತೆಗೆದೆ. ಬೆಲ್ಲ ಹಾಕಿ ಸಾರು ಮಾಡಿದೆ. ಹೊರಗೆ ಜೋರು ಮಳೆ. ಹಣ್ಣಿಗೆ ಹಣ್ಣಿನ ವಾಸನೆಯೇ ಇತ್ತು.