ಗಾಡಿಯಲ್ಲಿ ಬರೋ ಮೊಟ್ಟೆ ಕೋಳಿ, ಬಾಯ್ಲರ್ ಮರಿ ತಗೊಳ್ಳೋ ಮುಂಚೆ ಇದನ್ನ ಓದಿ

ಬಾಯ್ಲರ್ ಕೋಳಿ ಹಾರಿ ಹೆಂಚಿನ ಮೇಲೆ ಕೂತಿದ್ದನ್ನು ಯಾರಾದರೂ ನೋಡಿದ್ದೀರಾ? ನಾನು ನೋಡಿದೆ, ನಮ್ಮ ಮನೆ ಹಿತ್ತಲಲ್ಲೇ. ಮರಿಗೆ 60 ರೂಪಾಯಿ ಕೊಟ್ಟು ತಗೊಂಡ "ಒರಿಜಿನಲ್ ಬಾಯ್ಲರ್" ಅದು. ಸರಿಯಾದ ಬಾಯ್ಲರ್ ಆಗಿದ್ದರೆ ಆ ವಯಸ್ಸಿಗೆ ಮೇವಿನ ತಟ್ಟೆ ಬಿಟ್ಟು ಏಳೋಕೂ ಒದ್ದಾಡಬೇಕಿತ್ತು. ಇದು ಹೆಂಚಿನ ಮೇಲೆ ನಿಂತು ಕೂಗೋಕೆ ಗಂಟಲು ಸರಿ ಮಾಡಿಕೊಳ್ಳುತ್ತಿತ್ತು.

ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಗಾಡಿ ಇನ್ನೂ ಓಡಾಡುತ್ತಿದೆ.

ನಾವಿರೋದು ಮಂಡ್ಯ ಕಡೆ. ಹಿತ್ತಲಲ್ಲಿ ಜಾಗ ಇದೆ. ಸಂಕ್ರಾಂತಿ ಕಳೆದ ಮೇಲೆ ಮನೆಯವಳು ಲೆಕ್ಕ ಹಾಕಿದಳು. ಒಂದಿಷ್ಟು ಮೊಟ್ಟೆ ಕೋಳಿ ಸಾಕಿದರೆ ಮಕ್ಕಳಿಗೆ ಅಂಗಡಿ ಮೊಟ್ಟೆ ತರೋದು ತಪ್ಪುತ್ತೆ. ಜೊತೆಗೆ ಬಾಯ್ಲರ್ ಮರಿ ಬಿಟ್ಟರೆ ಯುಗಾದಿ ಹೊಸತೊಡಕಿಗೆ ಅಂಗಡಿ ಮುಂದೆ ಕ್ಯೂ ನಿಲ್ಲೋದು ತಪ್ಪುತ್ತೆ. ಲೆಕ್ಕ ಏನೂ ತಪ್ಪಿರಲಿಲ್ಲ. ಬಾಯ್ಲರ್ ಮರಿ ಆರೇಳು ವಾರಕ್ಕೆ ಎರಡು ಕೆಜಿ ದಾಟುತ್ತೆ, ಇದು ಎಲ್ಲರಿಗೂ ಗೊತ್ತು.

ಅದೇ ಹೊತ್ತಿಗೆ ಟಾಟಾ ಏಸ್ ಬಂತು. ನೀಲಿ ಟಾರ್ಪಾಲು, ಮೈಕು ಬೇರೆ. ಇಳಿದವನು ತುಂಬಾ ಮರ್ಯಾದೆಯವನು.

"ಬನ್ನಿ ಅಣ್ಣಾ, ಮುಟ್ಟಿ ನೋಡಿ, ದುಡ್ಡು ಆಮೇಲೆ."

ಬುಟ್ಟಿಯಲ್ಲಿ ಕೆಂಪು ಕೋಳಿಗಳು. "ಬಿವಿ 380 ಹ್ಯಾಟೆಗಳು ಅಣ್ಣಾ, ಕರೆಕ್ಟಾಗಿ 18 ವಾರ. ಇವತ್ತೋ ನಾಳೆಯೋ ಮೊಟ್ಟೆಗೆ ಬರ್ತವೆ. ವರ್ಷಕ್ಕೆ 300 ಮೊಟ್ಟೆ ಗ್ಯಾರಂಟಿ." ಬಿವಿ 380 ಅಂದರೆ ಕಂದು ಮೊಟ್ಟೆ ಇಡೋ ತಳಿ, ಹ್ಯಾಟೆ ಅಂದರೆ ಇನ್ನೂ ಮೊಟ್ಟೆಗೆ ಬರದ ಎಳೆ ಕೋಳಿ. ಒಂದಕ್ಕೆ 450. ಇನ್ನೊಂದು ಡಬ್ಬದಲ್ಲಿ ತೆಳು ಹಳದಿ ಮರಿಗಳು ಚಿಂವ್ ಚಿಂವ್ ಅನ್ನುತ್ತಿದ್ದವು. "ಬಾಯ್ಲರ್ ಅಣ್ಣಾ, ಎರಡು ದಿನದ್ದು. ಎಲ್ಲಾ ವ್ಯಾಕ್ಸಿನ್ ಆಗಿದೆ."

ಹನ್ನೆರಡು ಕೋಳಿ, ಇಪ್ಪತ್ತೈದು ಮರಿ. 6,900 ರೂಪಾಯಿ ಫೋನ್ ಪೇ ಮಾಡಿದೆ. ಜೊತೆಗೆ ಒಂದು ಮೂಟೆ ಲೇಯರ್ ಮೇವನ್ನೂ, ಅಂದರೆ ಮೊಟ್ಟೆ ಕೋಳಿಗೆ ಹಾಕೋ ಮೇವನ್ನೂ ಇಳಿಸಿದ. "ಎರಡಕ್ಕೂ ಇದೇ ಸಾಕು ಅಣ್ಣಾ, ಒಟ್ಟಿಗೇ ಬಿಡಿ, ಏನೂ ಆಗಲ್ಲ." ಬಿಲ್ ಕೇಳಿದರೆ ನಕ್ಕ. "ಕೋಳಿಗೆ ಯಾರಣ್ಣಾ ಬಿಲ್ ಕೊಡ್ತಾರೆ, ನಂಬರ್ ಇದೆಯಲ್ಲಾ."

ಮಾರನೇ ದಿನ ಬೆಳಿಗ್ಗೆ ಮೂರು ಮೊಟ್ಟೆ! ಮನೆಯಲ್ಲಿ ಹಬ್ಬ. ಅಕ್ಕಪಕ್ಕದವರಿಗೆಲ್ಲ ತೋರಿಸಿದ್ದಾಯಿತು. ನನ್ನ ಹೊಟ್ಟೆ ಈಗಲೂ ಉರಿಯೋದು ಆ ಮೊಟ್ಟೆ ನೆನೆಸಿಕೊಂಡರೆ. ಯಾಕೆ ಗೊತ್ತಾ? ದಪ್ಪ ಮೊಟ್ಟೆ. ಅಂಗೈ ತುಂಬಾ ದಪ್ಪ. ಸಿಪ್ಪೆ ಮಾತ್ರ ಒರಟು ಒರಟು, ಒಂದು ಎತ್ತಿಕೊಳ್ಳುವಾಗಲೇ ಬಿರುಕು ಬಿಟ್ಟಿತು. ಹ್ಯಾಟೆ ಇಡೋ ಮೊದಲ ಮೊಟ್ಟೆ ಸಣ್ಣದಿರುತ್ತೆ, ಸಿಪ್ಪೆ ಗಟ್ಟಿ ಇರುತ್ತೆ. ದಪ್ಪ ಮೊಟ್ಟೆ, ತೆಳು ಸಿಪ್ಪೆ ಅಂದರೆ ಅದು ವಯಸ್ಸಾದ ಕೋಳಿಯ ಲಕ್ಷಣ. ಆ ಮೂರು ಮೊಟ್ಟೆಯಲ್ಲೇ ಎಲ್ಲ ಬರೆದಿತ್ತು. ನಾವು ಆಮ್ಲೆಟ್ ಮಾಡಿಕೊಂಡು ತಿಂದೆವು.

ಆಮೇಲೆ ಮೊಟ್ಟೆ ಕಮ್ಮಿ ಆಗುತ್ತಾ ಬಂತು. ಆಮೇಲೆ ನಿಂತೇ ಹೋಯಿತು. ಹಿತ್ತಲ ತುಂಬಾ ಪುಕ್ಕ. ಕೋಳಿಗಳು ರಾತ್ರಿ ಕೋಲಿನ ಮೇಲೆ ಹತ್ತಿ ಕೂರುತ್ತಲೂ ಇರಲಿಲ್ಲ, ಮೂಲೆಯಲ್ಲಿ ಗುಂಪಾಗಿ ನೆಲಕ್ಕೆ ಕೂರುತ್ತಿದ್ದವು. ಆ ಕಡೆ ಮರಿಗಳು ಒಂದೊಂದಾಗಿ ಸಾಯೋಕೆ ಶುರು. ಫೋನ್ ಮಾಡಿದೆ.

"ಜಾಗ ಬದಲಾದ್ರೆ ಮೊಟ್ಟೆ ನಿಲ್ಲುತ್ತೆ ಅಣ್ಣಾ, ಹದಿನೈದು ದಿನ ತಡೀರಿ."

ಇದರಲ್ಲಿ ಸ್ವಲ್ಪ ನಿಜ ಇದೆ. ಅದಕ್ಕೇ ಸುಮ್ಮನಾದೆ. ಮತ್ತೆ ಮಾಡಿದಾಗ: "ನಿಮ್ಮ ನೀರು ಗಡಸು ಇರ್ಬೇಕು." ಮತ್ತೆ ಮಾಡಿದಾಗ: "ದೃಷ್ಟಿ ಆಗಿದೆ ಅಣ್ಣಾ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ." ಅಲ್ಲಾ, ಕೋಳಿಗೆ ದೃಷ್ಟಿಯಂತೆ! ಮರಿ ಸಾಯುತ್ತಿವೆಯಲ್ಲ ಅಂದರೆ, "ಇಪ್ಪತ್ತೈದಕ್ಕೆ ನಾಲ್ಕೈದು ಹೋಗೋದು ಕಾಮನ್." ಹೋಗಿದ್ದು ಒಂಬತ್ತು.

ಕೊನೆಗೆ ಒಂದು ಕೋಳಿಯನ್ನು ಚೀಲಕ್ಕೆ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಕೋಳಿಯನ್ನು ತಲೆಕೆಳಗೆ ಹಿಡಿದು ಹಿಂಭಾಗದಲ್ಲಿ ಬೆರಳಿಟ್ಟು ನೋಡಿದರು. ಬಾಲದ ಕೆಳಗೆ, ಮೊಟ್ಟೆ ಹೊರಬರೋ ಜಾಗದ ಎರಡೂ ಕಡೆ ಚೂಪಾಗಿ ಎರಡು ಮೂಳೆ ಸಿಗುತ್ತೆ. ಇನ್ನೂ ಮೊಟ್ಟೆ ಇಡದ ಹ್ಯಾಟೆಯಲ್ಲಿ ಆ ಎರಡರ ನಡುವೆ ಒಂದು ಬೆರಳು ಹಿಡಿಸೋದೂ ಕಷ್ಟ. ಅವರು ನನ್ನ ಕೈ ಹಿಡಿದು ಅಲ್ಲಿ ಇಡಿಸಿದರು. ಮೂರು ಬೆರಳು ಸಲೀಸಾಗಿ ಹೋಯಿತು. ಆಮೇಲೆ ಕಾಲು ತೋರಿಸಿದರು: ಹಳದಿ ಇರಬೇಕಾದ ಕಾಲು ಬಿಳಿಚಿಕೊಂಡಿತ್ತು. ಮೊಟ್ಟೆ ಇಟ್ಟು ಇಟ್ಟು ಬಣ್ಣ ಹೋಗಿದೆಯಂತೆ. ಉಗುರು ಉದ್ದಕ್ಕೆ ಬೆಳೆದು ಕೊಕ್ಕೆಯಾಗಿತ್ತು, ಪಂಜರದಲ್ಲಿ ನೆಲ ಕೆದರೋಕೆ ಆಗದೆ. ಕತ್ತಿನ ಕೆಳಗೆ ಪುಕ್ಕ ಸವೆದಿತ್ತು, ಪಂಜರದ ಸರಳಿನಿಂದ ತಲೆ ಹೊರಗೆ ಹಾಕಿ ಮೇವು ತಿಂದು ತಿಂದು.

"ಫಾರಂನವರು ಒಂದೂವರೆ ವರ್ಷ ಮೊಟ್ಟೆ ತಗೊಂಡು ಮಾಂಸಕ್ಕೆ ಅಂತ ಹೊರಗೆ ಹಾಕ್ತಾರಲ್ಲ, ಆ ಕೋಳಿ ಇದು. ಎಷ್ಟು ಕೊಟ್ರಿ?"

ನಾನು 300 ಅಂದೆ. 450 ಅನ್ನೋಕೆ ಬಾಯಿ ಬರಲಿಲ್ಲ.

ಚಿಕನ್ ಅಂಗಡಿಯಲ್ಲಿ ಅದೇ ಫಾರಂ ಕೋಳಿ ನಾನು ಕೊಟ್ಟಿದ್ದರ ಅರ್ಧ ದುಡ್ಡಿಗೂ ಸಿಗುತ್ತೆ. ಅರ್ಧ ದುಡ್ಡಿಗೂ!

ಮರಿ ಸತ್ತಿದ್ದಕ್ಕೆ ಡಾಕ್ಟರು ಮೊದಲು ಕೇಳಿದ್ದು ಮೇವು ಯಾವುದು ಅಂತ. ಲೇಯರ್ ಮೇವಿನಲ್ಲಿ ಮೊಟ್ಟೆ ಸಿಪ್ಪೆಗೆ ಅಂತ ಸುಣ್ಣದ ಅಂಶ ಶೇಕಡ 3.5ರ ಮೇಲೆ ಇರುತ್ತೆ. ಮರಿಗೆ ಬೇಕಿರೋದು ಶೇಕಡ 1ರ ಆಸುಪಾಸು. ಜಾಸ್ತಿಯಾದರೆ ಕಿಡ್ನಿ ಹೋಗುತ್ತೆ. ಮೇಲೆ ಫಾರಂನ ದೊಡ್ಡ ಕೋಳಿಗಳ ಜೊತೆ ಎಳೆ ಮರಿ ಬಿಟ್ಟರೆ ಅವುಗಳ ಕಾಯಿಲೆಯೆಲ್ಲ ಇವಕ್ಕೆ. "ಲಸಿಕೆ?" ಅಂದರು. ಎಲ್ಲಾ ಆಗಿದೆ ಅಂದ ಸರ್, ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಎರಡು ದಿನದ ಮರಿಗೆ ಎಲ್ಲಾ ಲಸಿಕೆ ಹೇಗೆ ಆಗುತ್ತೆ? ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸೋ ಕಡೆ, ಮೊದಲ ದಿನ ಹಾಕೋದು ಮ್ಯಾರೆಕ್ಸ್‌ದು. ಕೊಕ್ಕರೆ ರೋಗದ್ದು ಐದರಿಂದ ಏಳನೇ ದಿನಕ್ಕೆ, ಗುಂಬೋರೊ ಎರಡು ವಾರಕ್ಕೆ.

ಇನ್ನು ಆ ಹೆಂಚಿನ ಮೇಲಿನ ಬಾಯ್ಲರ್. ಕಂದು ಮೊಟ್ಟೆ ಇಡೋ ಲೇಯರ್ ತಳಿಗಳಲ್ಲಿ ಹುಟ್ಟಿದ ದಿನವೇ ಬಣ್ಣ ನೋಡಿ ಗಂಡು ಹೆಣ್ಣು ಬೇರೆ ಮಾಡುತ್ತಾರೆ. ಹೆಣ್ಣು ಮರಿ ಕಂದು, ಗಂಡು ಮರಿ ತೆಳು ಹಳದಿ. ಗಂಡು ಮೊಟ್ಟೆ ಇಡಲ್ಲ, ಮೈಯೂ ತುಂಬಿಕೊಳ್ಳಲ್ಲ. ಹಾಗಾಗಿ ಹ್ಯಾಚರಿಯವರಿಗೆ ಅದು ಬೇಡ, ಪುಡಿಗಾಸಿಗೆ ಕೊಟ್ಟುಬಿಡುತ್ತಾರೆ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುತ್ತಾರಲ್ಲ, ಅವೂ ಹೆಚ್ಚಾಗಿ ಇವೇ. ಬಣ್ಣ ಬಳಿಯದೆ ಇಟ್ಟರೆ ನೋಡೋಕೆ ಥೇಟ್ ಬಾಯ್ಲರ್ ಮರಿ. ನಮ್ಮವು ಎರಡನೇ ವಾರಕ್ಕೇ ರೆಕ್ಕೆ ಬಿಚ್ಚಿ ಓಡಾಡುತ್ತಿದ್ದವು, ಕಡ್ಡಿ ಕಾಲು, ನೆಟ್ಟಗೆ ನಿಲುವು. ಮನೆಯವಳು ಆಗಲೇ ಅಂದಿದ್ದಳು, "ಇವು ಯಾಕೋ ಚುರುಕು ಜಾಸ್ತಿ" ಅಂತ.

ಇದನ್ನು ಅವನಿಗೆ ಹೇಳಿದರೆ ಏನಂದ ಗೊತ್ತಾ? "ಅದು ನಾಟಿ ಕ್ರಾಸ್ ಬಾಯ್ಲರ್ ಅಣ್ಣಾ. ನಿಧಾನಕ್ಕೆ ತೂಕ ಬರ್ತದೆ, ರುಚಿ ಜಾಸ್ತಿ." ನಾಟಿ ಕ್ರಾಸ್ ಬಾಯ್ಲರ್! ಹಾಗಾದರೆ ಕೊಡುವಾಗ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಲಿಲ್ವಲ್ಲಾ." ಪಶು ಆಸ್ಪತ್ರೆ ಡಾಕ್ಟರ ಹೆಸರೆತ್ತಿದೆ. ಅಲ್ಲಿಗೆ ಅಣ್ಣ ಹೋಗಿ ಸರ್ ಬಂತು. "ನೋಡಿ ಸರ್, ಕೋಳಿ ಸಾಕೋಕೆ ಕೈಗುಣ ಬೇಕು. ನಿಮ್ಮದು ಸರಿ ಇಲ್ಲ ಅಂದ್ರೆ ನಾನೇನು ಮಾಡ್ಲಿ." ಕಟ್. ಆಮೇಲೆ ನಂಬರ್ ಬ್ಲಾಕ್.

ನನ್ನ ಕೈಗುಣವಂತೆ. ಮುದಿ ಕೋಳಿ ಕೊಟ್ಟವನು ಇವನು, ಕೈಗುಣ ನನ್ನದು ಸರಿ ಇಲ್ಲ.

ಹೊಸತೊಡಕಿಗೆ ಬೀಗರು ಬಂದಿದ್ದರು. ಮನೇಲೇ ಸಾಕಿದ ಬಾಯ್ಲರ್ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆವಲ್ಲ. ಒಂದೊಂದೂ ಪುಕ್ಕ ಕಿತ್ತ ಮೇಲೆ ಅರ್ಧ ಕೆಜಿ ಬರಲಿಲ್ಲ. ಇದ್ದಬದ್ದವನ್ನೆಲ್ಲ ಕೊಯ್ದರೂ ಸಾಲದೆ ಕೊನೆಗೆ ನಾನು ಅಂಗಡಿ ಮುಂದೆ ಕ್ಯೂ ನಿಂತೆ. ಭಾಮೈದ ಊಟಕ್ಕೆ ಕೂತು, "ಭಾವ, ಇದು ಕೋಳಿನಾ ಗೌಜಲ ಹಕ್ಕಿನಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡೋದು.

ತಗೊಳ್ಳೋರಿಗೆ ಹೇಳೋದು ಇಷ್ಟೇ. ಸಂತೆಯಲ್ಲಿ ದನದ ಹಲ್ಲು ನೋಡೋ ಹಾಗೆ ಹ್ಯಾಟೆಯ ಕಾಲು, ಉಗುರು, ಹಿಂದಿನ ಮೂಳೆ ನೋಡಿ. ಮುಟ್ಟಿ ನೋಡಿ ಅಂತ ಅವನೇ ಹೇಳ್ತಾನಲ್ಲ, ಸರಿಯಾದ ಜಾಗ ಮುಟ್ಟಿ, ಮುಖ ಹೇಗಾಗುತ್ತೆ ನೋಡಿ. ಬಾಯ್ಲರ್ ಮರಿ ಬೇಕಿದ್ದರೆ ಬಿಲ್ ಕೊಡೋ ಅಂಗಡಿಯಲ್ಲೇ ತಗೊಳ್ಳಿ, ಅವಕ್ಕೆ ಬೇರೆ ಗೂಡು, ಬೇರೆ ಮೇವು ಇರಲಿ. ಬಿಲ್ ಕೇಳಿದರೆ ನಗೋನ ಹತ್ತಿರ ಏನೂ ತಗೋಬೇಡಿ. ಮೊಟ್ಟೆಗೂ ಮಾಂಸಕ್ಕೂ ಒಂದೇ ಕೋಳಿ ಸಾಕು ಅನ್ನೋರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ, ಸ್ವರ್ಣಧಾರ ವಿಚಾರಿಸಿ. ಎರಡೂ ಅಲ್ಲೇ ಅಭಿವೃದ್ಧಿ ಮಾಡಿದ ತಳಿ. ಸ್ವರ್ಣಧಾರ ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತೆ, ಮೈಯೂ ಚೆನ್ನಾಗಿ ಬರುತ್ತೆ. ಮೊದಲೇ ಹೇಳಿಟ್ಟು ಕಾಯಬೇಕು ಅಂತ ನಾವು ಆ ಕಡೆ ಹೋಗಲಿಲ್ಲ. ಗಾಡಿ ಬಾಗಿಲಿಗೇ ಬಂದಿತ್ತಲ್ಲ.

ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ, ಭಾಮೈದನದ್ದು ಮಾಡಿಲ್ಲ. ಈ ವಾರದ ಸ್ಟೇಟಸ್‌ನಲ್ಲಿ ಅದೇ ನೀಲಿ ಟಾರ್ಪಾಲು, ಅದೇ ಬುಟ್ಟಿ. ಈಗ ಕಡಕನಾಥ್ ಅನ್ನೋ ಕಪ್ಪು ಕೋಳಿ ತಳಿಯ ಮರಿಯಂತೆ, ಜೋಡಿಗೆ 500. ಚನ್ನರಾಯಪಟ್ಟಣ, ನಾಗಮಂಗಲ ಕಡೆ ಬರ್ತೀನಿ ಅಂತ ಹಾಕಿಕೊಂಡಿದ್ದಾನೆ. ಆ ಕಡೆಯವರು ಮರಿ ಕೈಗೆ ತಗೊಂಡು ಒದ್ದೆ ಬಟ್ಟೆಯಲ್ಲಿ ಒಂದು ಸಲ ಗಟ್ಟಿಯಾಗಿ ಒರೆಸಿ ನೋಡಿ, ಕಪ್ಪು ಬಣ್ಣ ಬಟ್ಟೆಗೆ ಬರುತ್ತಾ ಅಂತ.